ವೇಗದ ಎಂಜಿನ್‌ಗೆ ಖರ್ಚು ಏಕೆ ಹೆಚ್ಚು?

ಮಕ್ಕಳೇ, ಭಟ್ಕಳ, ಹೊನ್ನಾವರ, ಕುಮಟಾದ ಮೀನುಗಾರಿಕೆ ಬೋಟುಗಳ ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗುತ್ತದೆ. ರೇಸ್ ಕಾರಿನ ಎಂಜಿನ್ ಬಹಳ ವೇಗವಾಗಿ ತಿರುಗುತ್ತದೆ. ಅದನ್ನು ತಯಾರಿಸಲು ಖರ್ಚೂ ಹೆಚ್ಚು. ಏಕೆ?

ಮಾಡಿ ನೋಡಿ: ನೀರು ತುಂಬಿದ ಬಾಟಲಿಯನ್ನು ಮೇಲೆ ಕೆಳಗೆ ನಿಧಾನವಾಗಿ ಆಡಿಸಿ. ಈಗ ಅಷ್ಟೇ ದೂರ ಬೇಗ ಬೇಗ ಆಡಿಸಿ. ತೋಳು ಸೋಲುತ್ತದೆ, ಅಲ್ಲವೇ? ಪ್ರತಿ ಸಲ ಬಾಟಲಿಯನ್ನು ತಡೆದು ತಿರುಗಿಸಲು ಹೆಚ್ಚು ಬಲ ಬೇಕು.

ಎಂಜಿನ್ನಿನೊಳಗಿನ ಪಿಸ್ಟನ್ ಕೂಡ ಹೀಗೆಯೇ. ನಿಮಿಷಕ್ಕೆ 6,000 ಸುತ್ತಾದರೆ ಅದು ಸೆಕೆಂಡಿಗೆ 100 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಸುತ್ತು 12,000 ಆದರೆ ಈ ಎಳೆತ ಎರಡಲ್ಲ, ನಾಲ್ಕು ಪಟ್ಟು! ಸಾಧಾರಣ ಭಾಗ ಮುರಿದೀತು. ಆದ್ದರಿಂದ ಉತ್ತಮ ಲೋಹವನ್ನು ಕಾಯಿಸಿ, ಬಲವಾಗಿ ಒತ್ತಿ, ಹಗುರವೂ ಗಟ್ಟಿಯೂ ಆದ ಭಾಗ ಮಾಡುತ್ತಾರೆ. ಒಂದೊಂದನ್ನೂ ಅಳೆದು, ತೂಗಿ ಜೋಡಿಸುತ್ತಾರೆ. ಖರ್ಚು ಹೆಚ್ಚುವುದು ಇಲ್ಲಿಯೇ.

ಯೋಚಿಸಿ: ನಡುಗಡಲಿನಲ್ಲಿ ದುಡಿಯುವ ಬೋಟಿಗೆ ಯಾವ ಎಂಜಿನ್ ಒಳ್ಳೆಯದು?