ಹೊಂಡದ ಹಾಳೆ ಹರಿದರೆ

ಪ್ರಶ್ನೆ: ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡ ತೆಗೆಸಿ 500 ಮೈಕ್ರಾನ್ ಹಾಳೆ ಹಾಸಿದ್ದೆ. ಈ ಸಲ ಎಮ್ಮೆ ಇಳಿದು ಎರಡು ಕಡೆ ಹರಿದಿದೆ. ಪಕ್ಕದಲ್ಲೆಲ್ಲೋ ಇನ್ನೂ ಸಣ್ಣ ತೂತುಗಳಿವೆ. ಈಜುಕೊಳಕ್ಕೆ ಹಚ್ಚುವ ಅಂಟು ತರಿಸಿ ತೇಪೆ ಹಾಕಿದೆ. ನಾಲ್ಕೇ ದಿನಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ನಕಲಿ ಅಂಟು ಕೊಟ್ಟರೇ?
– ರೈತ, ಹಿರಿಯೂರು ತಾಲ್ಲೂಕು

ಉತ್ತರ: ಅಂಟು ಅಸಲಿಯೇ ಇರಬಹುದು, ಹಾಳೆಯ ಜಾತಿ ಬೇರೆ. ಈಜುಕೊಳದ ಹಾಳೆ ಪಿವಿಸಿ. ಅದರ ಅಂಟು ಪಿವಿಸಿಯ ಮೈಯನ್ನು ತುಸು ಕರಗಿಸಿ ಬೆಸೆಯುತ್ತದೆ. ನಿಮ್ಮದು ಎಚ್‌ಡಿಪಿಇ, ನೀರಿನ ನೀಲಿ ಡ್ರಮ್ಮಿನ ಜಾತಿಯದು. ಎಣ್ಣೆ ಸವರಿದಂಥ ಆ ಮೈಗೆ ಅಂಗಡಿಯ ಅಂಟು ನಿಲ್ಲುವುದಿಲ್ಲ. ಬಿಸಿಯೇ ಅದಕ್ಕೆ ಮದ್ದು.

ನೀರಿನ ಮಟ್ಟವನ್ನು ತೂತಿಗಿಂತ ಕೆಳಕ್ಕೆ ಇಳಿಸಿ. ಕೆಸರು, ಪಾಚಿ ತೊಳೆದು ಒರೆಸಿ; ಎರಡೂ ಮೈ ಚೆನ್ನಾಗಿ ಆರಬೇಕು. ಅದೇ ಜಾತಿಯ, ಅದೇ ದಪ್ಪದ ತುಂಡನ್ನು ಹರುಕಿನ ಸುತ್ತ ಆರಾರು ಇಂಚು ಹೆಚ್ಚಿಗೆ ಬರುವಂತೆ, ಮೂಲೆಗಳನ್ನು ದುಂಡಗೆ ಕತ್ತರಿಸಿ. ತೇಪೆ ಏಳುವುದು ಯಾವಾಗಲೂ ಚೂಪು ಮೂಲೆಯಿಂದಲೇ. ಬಿಸಿಗಾಳಿ ಗನ್ ಹಿಡಿದು, ಎರಡೂ ಮೈ ಹೊಳಪು ಬಂದು ಮೆತ್ತಗಾದೊಡನೆ ರೋಲರಿನಿಂದ ಒತ್ತಬೇಕು. ಇಸ್ತ್ರಿಪೆಟ್ಟಿಗೆ, ಕಾದ ಕುಡುಗೋಲುಗಳ ಸಾಹಸ ಬೇಡ. ಹಾಗೆ ಮಾಡಲು ಹೋಗಿ ಅಂಗೈಯಷ್ಟಿದ್ದ ಹರುಕನ್ನು ಮೊರದಗಲ ಮಾಡಿಕೊಂಡವರನ್ನು ಕಂಡಿದ್ದೇನೆ. ಬೆಸುಗೆಯವರು ಸಿಗುವ ತನಕ ಬ್ಯೂಟೈಲ್ ಟೇಪ್ ಹಚ್ಚಬಹುದು, ಅದು ತಾತ್ಕಾಲಿಕ.

ತೇಪೆಗೆ ಮೊದಲು ಆ ಸಣ್ಣ ತೂತುಗಳ ಅಂಚನ್ನು ಬೆರಳಿಂದ ಸವರಿ ನೋಡಿ. ಅಂಚು ಕೆಳಕ್ಕೆ ಮಡಚಿದ್ದರೆ ಗೊರಸು ಅಥವಾ ಮೇಲಿನಿಂದ ಬಿದ್ದ ಕಲ್ಲು. ಮೇಲಕ್ಕೆ ಚುಚ್ಚಿಕೊಂಡಿದ್ದರೆ ವೈರಿ ಅಡಿಯಲ್ಲಿದ್ದಾನೆ: ಚೂಪುಗಲ್ಲು, ಇಲ್ಲವೇ ಕೊನ್ನಾರಿ ಗಡ್ಡೆ. ಅದರ ಮೊಳಕೆ ಸೂಜಿಯಂತೆ ಪ್ಲಾಸ್ಟಿಕ್ಕನ್ನು ಚುಚ್ಚಿಕೊಂಡು ಮೇಲೆ ಬರುತ್ತದೆ. ಗಡ್ಡೆಯನ್ನು ಅಗೆದು ತೆಗೆಯದೆ ತೇಪೆ ಹಾಕಿದರೆ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ. ಎಮ್ಮೆಗೆ ಬೇಲಿಯೇ ಮದ್ದು, ಬೇರೇನೂ ಇಲ್ಲ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಬಂದಿದ್ದೇವೆ. ಹಿತ್ತಲಿನ ಈಜುಕೊಳದ ನೀರು ದಿನಾ ಇಳಿಯುತ್ತಿದೆ. ಕೊಳ ಪೂರ್ತಿ ಬರಿದು ಮಾಡಿ ತೂತು ಹುಡುಕುತ್ತೇನೆ ಅನ್ನುತ್ತಾನೆ ಮಗ. ನನಗೇಕೋ ಅಳುಕು.
– ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ನಿಮ್ಮ ಅಳುಕು ಸರಿ, ಮಗನನ್ನು ತಡೆಯಿರಿ. ನೀರಿನ ಭಾರವೇ ಕೊಳದ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದಿರುವುದು. ಬರಿದು ಮಾಡಿದರೆ ಹಳೆಯ ವಿನೈಲ್, ಅಂದರೆ ಪಿವಿಸಿ, ಬಿಸಿಲಿಗೆ ಕುಗ್ಗಿ ಬಿರುಸಾಗುತ್ತದೆ. ಮತ್ತೆ ನೀರು ತುಂಬುವಾಗ ಮೂಲೆಗಳಲ್ಲಿ ಹರಿಯುತ್ತದೆ. ಅಂತರ್ಜಲ ಮೇಲಿದ್ದರೆ ಗೋಡೆಗೂ ಅಪಾಯ.

ಮೊದಲು ಸೋರಿಕೆ ಇದೆಯೇ ತಿಳಿಯಿರಿ. ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ಇಟ್ಟು, ಒಳಗೂ ಹೊರಗೂ ನೀರು ಒಂದೇ ಮಟ್ಟದಲ್ಲಿರುವಂತೆ ತುಂಬಿ ಗುರುತು ಹಾಕಿ. 24 ಗಂಟೆ ಬಿಟ್ಟು ನೋಡಿ. ಎರಡೂ ಸಮನಾಗಿ ಇಳಿದಿದ್ದರೆ ಅದು ಬರಿಯ ಆವಿ. ಕೊಳದ ನೀರೇ ಹೆಚ್ಚು ಇಳಿದಿದ್ದರೆ ಸೋರಿಕೆ. ಪಂಪು ಓಡುವಾಗ ಮಾತ್ರ ಬೇಗ ಇಳಿದರೆ ಹಾಳೆಯನ್ನು ಬಿಟ್ಟು ಪೈಪನ್ನು ಅನುಮಾನಿಸಿ. ಒಂದು ಮಟ್ಟಕ್ಕೆ ಬಂದು ನೀರು ನಿಂತುಬಿಟ್ಟರೆ ತೂತು ಆ ಗೆರೆಯಲ್ಲೇ ಇದೆ. ಪಂಪು ನಿಲ್ಲಿಸಿ, ನಿಂತ ನೀರಲ್ಲಿ ದೀಪ, ನೀರಿನ ಬಾಯಿ, ಮೆಟ್ಟಿಲ ಸಂದುಗಳ ಬಳಿ ಒಂದು ಹನಿ ಬಣ್ಣ ಬಿಡಿ. ತೂತಿದ್ದರೆ ಬಣ್ಣ ಅತ್ತ ಎಳೆದುಕೊಂಡು ಹೋಗುತ್ತದೆ.

ಸಣ್ಣ ಹರುಕಿಗೆ ನೀರಿನೊಳಗೇ ತೇಪೆ ಹಚ್ಚುವ ವಿನೈಲ್ ಅಂಟು ಅಲ್ಲಿ ಸಿಗುತ್ತದೆ. ಹಿರಿಯೂರಿನವರಿಗೆ ಕೈಕೊಟ್ಟದ್ದು ನಿಮಗೆ ಒದಗುತ್ತದೆ! ಆದರೆ ಹಾಳೆ ಬಣ್ಣಗೆಟ್ಟು, ಮಡಿಚಿದಲ್ಲಿ ಬಿರುಕು ಬಿಡುತ್ತಿದ್ದರೆ ತೇಪೆಗೆ ದುಡ್ಡು ಸುರಿಯಬೇಡಿ, ಬದಲಿಸಿ. ಅಲ್ಲಿ ದಪ್ಪವನ್ನು ಮಿಲ್ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. 20 ಮಿಲ್ ಎಂದರೆ ಹೆಚ್ಚು ಕಡಿಮೆ ನಮ್ಮ 500 ಮೈಕ್ರಾನ್.

ಪ್ರಶ್ನೆ: ಮಳೆಗಾಲದಲ್ಲಿ ಹೊಂಡದ ಹಾಳೆ ಪೂರಿಯಂತೆ ಉಬ್ಬಿ ನಿಂತಿದೆ. ಕೊಯ್ದು ಗಾಳಿ ತೆಗೆಯಲೇ?
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉತ್ತರ: ಕೊಯ್ಯಬೇಡಿ. ಗಾಳಿಗಿಂತ ಹೆಚ್ಚಾಗಿ ಅದು ಅಡಿಯ ಒಸರು ನೀರಿರಬೇಕು. ಹೊಂಡದೊಳಗೆ ನೀರು ಕಡಿಮೆಯಿದ್ದಾಗ ಹಾಳೆಯನ್ನು ಎತ್ತುತ್ತದೆ. ಮಳೆಗಾಲದಲ್ಲಿ ಹೊಂಡ ಬರಿದು ಮಾಡದೆ ತುಂಬಿಯೇ ಇಡಿ. ನನ್ನ ಕೇಳಿದರೆ, ತಾನಾಗಿಯೇ ಒಸರು ಬರುವ ಜಾಗದಲ್ಲಿ ಹಾಳೆ ಹಾಸಿದ್ದೇ ತಪ್ಪು.

ಪ್ರಶ್ನೆ: ನಮ್ಮ ಹೊಂಡ ಮೇಲ್ಗಡೆ 10×10 ಮೀಟರ್, ಆಳ 3 ಮೀಟರ್. ಹಳೆ ಹಾಳೆ ಬದಲಿಸಬೇಕು. 12×12 ಸಾಕು ಅನ್ನುತ್ತಾರೆ ಅಂಗಡಿಯವರು.
– ಓದುಗರು, ಚಿಕ್ಕನಾಯಕನಹಳ್ಳಿ

ಉತ್ತರ: ಸಾಲದು. ಇಳಿಜಾರು ಒಂದಕ್ಕೊಂದು ಇದ್ದರೆ ತಳ 4 ಮೀಟರ್ ಉಳಿಯುತ್ತದೆ, ಒಂದೊಂದು ಬದಿಯ ಇಳಿಜಾರು ಸುಮಾರು 4.25 ಮೀಟರ್. ಅಲ್ಲಿಗೇ 12.5 ಆಯಿತು. ಅಂಚನ್ನು ಕಾಲುವೆ ತೋಡಿ ಹೂಳಲು ಎರಡೂ ಕಡೆ ಒಂದೊಂದು ಮೀಟರ್ ಸೇರಿಸಿದರೆ 14.5. ಲೆಕ್ಕ ಬೇಡವೆಂದರೆ ಈ ದಡದಿಂದ ತಳಕ್ಕೆ ತಾಗಿಸಿ ಆ ದಡಕ್ಕೆ ಹಗ್ಗ ಹಾಸಿ ಅಳೆದು, ಅಂಚಿನ ಎರಡು ಮೀಟರ್ ಸೇರಿಸಿ. ಕೊಳ್ಳುವಾಗ ಐಎಸ್ 15351 ಗುರುತು ನೋಡಿ. ಬಿಗಿಯಾಗಿ ಎಳೆದು ಹಾಸಬೇಡಿ, ಚಳಿಗೆ ಹಾಳೆ ಕುಗ್ಗುತ್ತದೆ. ಉಳಿದ ತುಂಡನ್ನು ತೇಪೆಗೆ ಎತ್ತಿಡಿ.

ಒಂದು ಮಾತು, ಇದು ನಾಲ್ವರಿಗೂ ಅಲ್ಲ, ಹೊಂಡ ಇರುವ ಮೂವರಿಗೆ. ನೀರು ನಿಂತ ಹಾಳೆ ಪಾಚಿಗಿಂತ ಜಾರು. ಈಜು ಬಲ್ಲವರೂ ಹತ್ತಿ ಬರಲಾರರು. ನಾಲ್ಕೂ ಬದಿಗೆ ಗೂಟ ಹೊಡೆದು, ಗಂಟು ಹಾಕಿದ ದಪ್ಪ ಹಗ್ಗವನ್ನು ತಳದವರೆಗೆ ಇಳಿಬಿಡಿ. ಆಮೇಲೆ ನೀರು ಬಿಡಿ.