ಕಠ್ಮಂಡುವಿನ ಅವಶೇಷಗಳು ಮತ್ತು ಜನರ ದಾಖಲೆ

2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪವೂ ಮೇ 12ರಂದು 7.3 ತೀವ್ರತೆಯ ಮತ್ತೊಂದು ಕಂಪನವೂ ನೇಪಾಳದ ಸುಮಾರು 2,900 ಸಾಂಸ್ಕೃತಿಕ ಮತ್ತು ಧಾರ್ಮಿಕ ಮಹತ್ವದ ಕಟ್ಟಡಗಳಿಗೆ ಹಾನಿ ಮಾಡಿದಾಗ, ಅಷ್ಟನ್ನೂ ಸರ್ಕಾರಿ ಸಿಬ್ಬಂದಿಯೇ ಕೂಡಲೇ ನೋಡಿ ಬರುವುದು ಆಗದ ಮಾತಾಗಿತ್ತು. ಆಗ ನೆರವಿಗೆ ಬಂದದ್ದು ಜನಸಹಭಾಗಿತ್ವದ ದಾಖಲಾತಿ, ಅಂದರೆ ಸ್ಥಳದಲ್ಲಿರುವವರು ಕಳಿಸುವ ಫೋಟೊ ಹಾಗೂ ಮಾಹಿತಿಯನ್ನು ಪರಿಶೀಲಿಸಿ ಒಂದೇ ನಕ್ಷೆಯಲ್ಲಿ ಕೂಡಿಸುವ ವಿಧಾನ. ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಕ್ರಾಮ್ ಮತ್ತು ಇಕೊಮೊಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಗಳು ಕಠ್ಮಂಡುವಿಗಾಗಿ ಇಂಥದೊಂದು ನಕ್ಷೆಯನ್ನು ರೂಪಿಸಿದವು.

ಗುಡಿ ಬಿದ್ದಿದೆ ಎಂದಷ್ಟೇ ತಿಳಿಸುವ ವರದಿಯಿಂದ ಸಂರಕ್ಷಕರಿಗೆ ಸಿಗುವುದು ಅತ್ಯಲ್ಪ. ಯಾವ ಭಾಗ ಕುಸಿದಿದೆ, ಕೆತ್ತನೆಯ ತೊಲೆಗಳು ಯಾವ ದಿಕ್ಕಿಗೆ ಬಿದ್ದಿವೆ, ಚಿತ್ರ ತೆಗೆದದ್ದು ಮೇ 12ರ ಕಂಪನಕ್ಕೆ ಮೊದಲೋ ಅನಂತರವೋ ಎಂಬುದು ಗೊತ್ತಾದಾಗ ಮಾತ್ರ ಆ ವರದಿ ಕೆಲಸಕ್ಕೆ ಬರುತ್ತದೆ.

ಮಾಹಿತಿ ತಲುಪಬೇಕಾದದ್ದು ಅವಶೇಷಗಳನ್ನು ಎತ್ತುವವರ ಕೈಗೆ ಎಂಬುದು ಇನ್ನೂ ದೊಡ್ಡ ಪಾಠ. ಕಠ್ಮಂಡುವಿಗೆ ಹೆಸರು ಕೊಟ್ಟ ಕಾಷ್ಠಮಂಡಪ ಎಂಬ ಮರದ ಮಂಟಪ ಕುಸಿದಾಗ ಜನರನ್ನು ಉಳಿಸುವ ಧಾವಂತದಲ್ಲಿ ಯಂತ್ರಗಳಿಂದ ಅವಶೇಷಗಳನ್ನು ತೆರವುಗೊಳಿಸಲಾಯಿತು. ಜೀವವೇ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ, ಆದರೆ ಮರದ ಯಾವ ತುಂಡು ಎಲ್ಲಿತ್ತು ಎಂಬ ಸಾಕ್ಷ್ಯವೂ ಅವಶೇಷಗಳೊಂದಿಗೆ ಹೋಯಿತು. ಅನಂತರದ ಉತ್ಖನನದಲ್ಲಿ ಆ ಮಂಟಪದ ಅಡಿಪಾಯ ಗಟ್ಟಿಯಾಗಿಯೇ ಉಳಿದಿದ್ದದ್ದೂ, ಅದು ಏಳನೆಯ ಶತಮಾನದಷ್ಟು ಹಳೆಯದೆಂಬುದೂ ತಿಳಿದುಬಂತು. ಪಕ್ಕದ ನಗರವಾದ ಪಾಟನ್‌ನಲ್ಲಿ ಮಾತ್ರ ಊರಿನವರು, ಸೈನಿಕರು, ಪೊಲೀಸರು ಸೇರಿ ಚಾರ್ ನಾರಾಯಣ ಮತ್ತು ಹರಿಶಂಕರ ದೇಗುಲಗಳ ಕೆತ್ತನೆಯ ತುಂಡುಗಳನ್ನು ಆರಿಸಿ ಅರಮನೆಯ ಆವರಣದಲ್ಲಿ ಜೋಪಾನವಾಗಿಟ್ಟರು, ಪುನರ್ನಿರ್ಮಾಣದಲ್ಲಿ ಅವು ಮತ್ತೆ ಬಳಕೆಗೆ ಬಂದವು.

ಹಾಗೆಂದು ಎಲ್ಲ ಮಾಹಿತಿಯನ್ನೂ ಬಹಿರಂಗಗೊಳಿಸಬಾರದು: ಬೀದಿಯಲ್ಲಿ ಬಿದ್ದಿರುವ ಮೂರ್ತಿಯ ನಿಖರ ಸ್ಥಳವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರೆ ಕಳ್ಳರಿಗೇ ದಾರಿ ತೋರಿಸಿದಂತಾಗುತ್ತದೆ. ವಿಗ್ರಹಗಳ ಕಳ್ಳಸಾಗಣೆಯಿಂದ ದಶಕಗಳ ಕಾಲ ನೊಂದ ನೇಪಾಳದಲ್ಲಿ ಅಂಥ ವಿವರ ಜವಾಬ್ದಾರರ ನಡುವೆಯೇ ಇರುವುದು ಅಗತ್ಯ.

ಹಾನಿಯ ಅನಂತರದ ಚಿತ್ರಕ್ಕಿರುವಷ್ಟೇ ಬೆಲೆ ಅದಕ್ಕೂ ಹಿಂದಿನ ಚಿತ್ರಕ್ಕಿದೆ. 2015ರಲ್ಲೇ ಆರಂಭವಾದ ರೆಕ್ರೈ ಯೋಜನೆಯು ಪ್ರವಾಸಿಗರ ಹಳೆಯ ಫೋಟೊಗಳನ್ನು ಫೋಟೊಗ್ರಾಮೆಟ್ರಿಗೆ, ಅಂದರೆ ಹಲವು ಕೋನಗಳ ಚಿತ್ರಗಳಿಂದ ವಸ್ತುವಿನ ಮೂರು ಆಯಾಮದ ಆಕೃತಿಯನ್ನು ಪಡೆಯುವ ತಂತ್ರಕ್ಕೆ, ಬಳಸಿತು. ಪಶುಪತಿನಾಥ ದೇಗುಲದ ಅರ್ಚಕ ಪರಂಪರೆಯ ನಂಟಿರುವ ಕನ್ನಡ ನಾಡಿನಿಂದಲೂ ಎಷ್ಟೋ ಯಾತ್ರಿಕರು ಕಠ್ಮಂಡು ಕಣಿವೆಗೆ ಹೋಗಿಬಂದಿದ್ದಾರೆ. ಅವರು ತಮ್ಮ ಹಳೆಯ ಆಲ್ಬಮ್‌ಗಳನ್ನು ಎಸೆಯದೆ, ಪ್ರತಿ ಚಿತ್ರದ ಹಿಂದೆ ಸ್ಥಳ ಮತ್ತು ವರ್ಷವನ್ನು ಬರೆದಿಡಬೇಕು.