ಬರುವುದನ್ನು ಬಲ್ಲವರಾರು? (ಪ್ರಸಾದಿಸ್ಥಲದ ಒಂದು ಪಾಠ)

ಕೃಷ್ಣಾನದಿಯು ಮಹಾಬಲೇಶ್ವರದ ಗಿರಿಯಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನೆಯನ್ನೂ ನರಸೋಬವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ಕನ್ನಡನಾಡನ್ನು ಹೊಗುತ್ತದೆ. ನಿಪ್ಪಾಣಿಯ ಕಡೆಯಿಂದ ಬರುವ ವೇದಗಂಗೆಯು ದೂಧಗಂಗೆಯನ್ನು ಸೇರಿ, ಆ ದೂಧಗಂಗೆಯು ಚಿಕ್ಕೋಡಿಯ ಸೀಮೆಯ ಕಲ್ಲೋಳದ ಬಳಿ ಕೃಷ್ಣೆಯಲ್ಲಿ ಬೆರೆಯುತ್ತದೆ. ಮುಂದೆ ಹೊಳೆಯ ಒಂದು ದಂಡೆಗೆ ರಾಯಬಾಗ, ಇನ್ನೊಂದು ದಂಡೆಗೆ ಕಾಗವಾಡ ಮತ್ತು ಅಥಣಿ.

ಈ ಸೀಮೆಯ ಒಕ್ಕಲಿಗನಿಗೆ ಒಂದು ಸಂಗತಿ ಚಿರಪರಿಚಿತವಾದುದು. ಇಲ್ಲಿಯ ಆಕಾಶದಲ್ಲಿ ಒಂದು ಮೋಡವೂ ಇಲ್ಲದಿರುವಾಗ ಹೊಳೆಯು ಏರಿ ಬರಬಲ್ಲುದು. ಏಕೆಂದರೆ ಆ ನೀರು ಇಲ್ಲಿಯ ಮಳೆಯದಲ್ಲ, ಸಹ್ಯಾದ್ರಿಯ ಮಳೆಯದು. ಅದೇ ಮಳೆಗಾಲದಲ್ಲಿ ಅಥಣಿಯ ಪೂರ್ವದ ಎರೆಯ ಹೊಲಗಳು ಹನಿಗಾಗಿ ಬಾಯಿ ತೆರೆದಿರಬಹುದು. ಮಳೆಯು ಬೇಕೆಂಬಲ್ಲಿ ಬಾರದು. ನಿಪ್ಪಾಣಿಯಲ್ಲಿ ತಂಬಾಕು ಒಣಹಾಕಿದಾಗ ಬೇಡವೆಂದರೂ ಬರುವುದು. 2005, 2019 ಮತ್ತು 2021ನೆಯ ಇಸವಿಗಳ ಮಹಾಪೂರಗಳು ನದೀತೀರದ ಗ್ರಾಮಗಳನ್ನು ಹೊಕ್ಕು ಮನೆ, ದನ, ಕಬ್ಬುಗಳನ್ನು ಹಾಳುಗೆಡವಿದುದನ್ನು ಜನರು ಮರೆತಿಲ್ಲ. ಇಂದು ಆಣೆಕಟ್ಟುಗಳಿಂದ ಬಿಡುವ ನೀರಿನ ಲೆಕ್ಕವು ಮೊದಲೇ ತಿಳಿದುಬರುತ್ತದೆ. ಆದರೂ ಬರುವ ವರ್ಷದ ಮಳೆಯನ್ನು ಕೈಯ ಮೇಲೆ ಬರೆದುಕೊಡಬಲ್ಲವರು ಯಾರೂ ಇಲ್ಲ.

ಹೀಗಿರುವಾಗ, ನಾಳೆಯನ್ನು ಅರಿಯದ ಮನುಷ್ಯನು ಇಂದು ಹೇಗೆ ಬಾಳಬೇಕು? ಈ ಪ್ರಶ್ನೆಗೆ ಶಿವಶರಣರು ಇತ್ತ ಉತ್ತರವೇ ಪ್ರಸಾದತತ್ತ್ವ.

ಪ್ರಸಾದವೆಂಬ ಶಬ್ದ

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವು ಮೂರನೆಯದು. ಲಿಂಗಕ್ಕೆ ಅರ್ಪಿತವಾದುದನ್ನು ಪ್ರಸಾದವೆಂದು ಸ್ವೀಕರಿಸುವುದು ಇದರ ಲಕ್ಷಣ. ಜನಸಾಮಾನ್ಯರು ಇದನ್ನು ಅನ್ನಕ್ಕೆ ಮಾತ್ರ ಅನ್ವಯಿಸುವುದುಂಟು. ಶರಣರಾದರೋ ಕಣ್ಣು ಕಂಡ ರೂಪ, ಕಿವಿ ಕೇಳಿದ ಶಬ್ದ, ಮೈಗೆ ತಗುಲಿದ ಬಿಸಿಲು ಮಳೆ, ಮನಸ್ಸಿಗೆ ಬಂದ ಸುಖದುಃಖ ಇವೆಲ್ಲವನ್ನೂ ಅರ್ಪಿಸಿ ಕೊಳ್ಳಬೇಕಾದುವೆಂದು ತಿಳಿದರು.

ಸಂಸ್ಕೃತದಲ್ಲಿ ‘ಪ್ರಸಾದ’ ಶಬ್ದಕ್ಕೆ ತಿಳಿತನ, ಪ್ರಸನ್ನತೆ ಎಂಬ ಅರ್ಥವೂ ಉಂಟು. ಕದಡಿದ ನೀರು ಮಣ್ಣನ್ನು ಕೆಳಗಿಳಿಸಿ ತಿಳಿಯಾಗುವುದೂ ಪ್ರಸಾದವೇ. ಆದುದರಿಂದ ಬಂದುದನ್ನು ಪ್ರಸಾದವೆಂದು ಕೊಳ್ಳುವುದೆಂದರೆ, ಬಂದುದರಿಂದ ಕದಡಿದ ಮನಸ್ಸನ್ನು ಮರಳಿ ತಿಳಿಯಾಗಿಸಿಕೊಳ್ಳುವುದು ಎಂದು ಅರಿಯಬೇಕು. ನೋವನ್ನು ನೋವಲ್ಲವೆಂದು ಹೇಳುವುದು ಇದರ ಅರ್ಥವಲ್ಲ.

ದಾಸೋಹದ ಮೇರೆ

ಇಲ್ಲಿ ಒಂದು ಶಂಕೆ ಏಳುತ್ತದೆ. ಪೂರದಲ್ಲಿ ಮನೆ ಕಳೆದುಕೊಂಡು ಊರ ಶಾಲೆಯ ಪಡಸಾಲೆಯಲ್ಲಿ ಮಕ್ಕಳೊಡನೆ ಕುಳಿತ ತಾಯಿಗೆ, ‘ಇದು ಶಿವಪ್ರಸಾದ, ಸ್ವೀಕರಿಸು’ ಎಂದು ಹೇಳಬಹುದೆ? ಹೇಳಬಾರದು. ಹಾಗೆ ಹೇಳುವುದು ತತ್ತ್ವವೂ ಅಲ್ಲ, ದಯೆಯೂ ಅಲ್ಲ. ಪ್ರಸಾದಭಾವವು ತನಗಾಗಿ ತಾನು ಕೈಕೊಳ್ಳುವ ವ್ರತ. ಪರರ ಮೇಲೆ ಹೊರಿಸುವ ಹೊರೆಯಲ್ಲ. ತನಗೆ ಬಂದುದರಲ್ಲಿ ಪ್ರಸಾದಭಾವ, ಪರರಿಗೆ ಬಂದುದರಲ್ಲಿ ದಾಸೋಹಭಾವ: ಇದೇ ಇಲ್ಲಿಯ ಮೇರೆ. ಆ ತಾಯಿಗೆ ಬೇಕಾದುದು ಉಪದೇಶವಲ್ಲ. ಬಿಸಿರೊಟ್ಟಿ, ಒಣಗಿದ ಸೀರೆ, ಮರಳಿ ಗೋಡೆ ಕಟ್ಟುವ ಕೈ.

ಅಂತೆಯೇ ಇದು ಸೋಮಾರಿತನಕ್ಕೆ ಆಸರೆಯೂ ಅಲ್ಲ. ಶರಣರು ಕಾಯಕವನ್ನು ಬಿಟ್ಟವರಲ್ಲ. ತಿಥಿ, ವಾರ, ನಕ್ಷತ್ರಗಳಲ್ಲಿ ಒಳಿತು ಕೆಡುಕುಗಳನ್ನು ಹುಡುಕುವ ಭಯವನ್ನು ಅವರು ಬಿಟ್ಟರು. ಬಿತ್ತುವುದು ಒಕ್ಕಲಿಗನ ಕೈಯಲ್ಲಿದೆ. ಮಳೆ ಅವನ ಕೈಯಲ್ಲಿಲ್ಲ. ಕೈಯಲ್ಲಿರುವುದನ್ನು ತಪ್ಪದೆ ಮಾಡಿ, ಕೈಯಲ್ಲಿಲ್ಲದುದಕ್ಕೆ ಎಚ್ಚರದಿಂದ ಕಾದಿರುವುದೇ ಪ್ರಸಾದಿಯ ನಡೆ.

ಮಘೆಯ ಮಳೆಯಲ್ಲಿ ಕಂಡ ಸೂರ್ಯ

ಹೀಗೆ ಕಾದಿರುವುದರ ಫಲವೇನೆಂಬುದಕ್ಕೆ ಈ ಸೀಮೆಯ ನೆರೆಯಲ್ಲಿಯೇ ಒಂದು ನಿದರ್ಶನವುಂಟು. 1868ನೆಯ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣವಾಯಿತು. ಅದರ ನೆರಳು ಅಥಣಿಯ ನೆರೆಯ ಜಮಖಂಡಿ ಹಾಗೂ ವಿಜಾಪುರಗಳ ಮೇಲೆ ಹಾದುಹೋಯಿತು. ಅದನ್ನು ಪರೀಕ್ಷಿಸಲು ಲಂಡನ್ನಿನ ರಾಯಲ್ ಸೊಸೈಟಿಯು ಕೊಟ್ಟ ಯಂತ್ರಗಳೊಡನೆ ಜಮಖಂಡಿಗೆ ಬಂದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನೀತ.

ಗ್ರಹಣವು ಎಂದು, ಎಷ್ಟು ಹೊತ್ತಿಗೆ ಎಂಬುದನ್ನು ಗಣಿತವು ಮೊದಲೇ ಹೇಳಿತ್ತು. ಆ ದಿನ ಮೋಡವಿದ್ದೀತೋ ಇಲ್ಲವೋ ಎಂಬುದನ್ನು ಯಾವ ಗಣಿತವೂ ಹೇಳಿರಲಿಲ್ಲ. ಅದು ಮಘೆಯ ಮಳೆಯ ಕಾಲ. ಬಹು ದಿನಗಳ ಸಿದ್ಧತೆಯೆಲ್ಲವೂ ಕೆಲವೇ ನಿಮಿಷಗಳ ಕತ್ತಲೆಗಾಗಿ. ಆ ನಿಮಿಷಗಳಲ್ಲಿಯೇ ಮೋಡಗಳು ಸೂರ್ಯನನ್ನು ಮುಸುಕಿದವು. ಹರ್ಷೆಲನು ಯಂತ್ರವನ್ನು ಬಿಟ್ಟೇಳಲಿಲ್ಲ. ಮೋಡವು ಒಂದೆಡೆ ಬಿರಿದಾಗ ಅವನ ಕಣ್ಣು ಅಲ್ಲಿಯೇ ಇತ್ತು. ಸೂರ್ಯನ ಅಂಚಿನಿಂದ ಹೊರಚಾಚಿದ ಕೆಂಪು ಜ್ವಾಲೆಯ ಬೆಳಕು ಬಿಡಿಬಿಡಿಯಾದ ಬಣ್ಣದ ಗೆರೆಗಳಾಗಿ ಅವನಿಗೆ ಕಂಡಿತು. ಅವು ಕಾದ ಅನಿಲದ ಜ್ವಾಲೆಗಳೆಂಬುದು ಅದರಿಂದ ಸಿದ್ಧವಾಯಿತು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ಫ್ರಾನ್ಸ್ ದೇಶದ ಜಾನ್ಸೆನ್ ಮೊದಲಾದವರೂ ನೋಡಿದರು. ಸೂರ್ಯನ ಜ್ವಾಲೆಯಲ್ಲಿಯ ಹಳದಿ ಗೆರೆಯೊಂದರ ವಿಚಾರದಿಂದಲೇ ಮುಂದೆ ಹೀಲಿಯಂ ಎಂಬ ಮೂಲದ್ರವ್ಯದ ಕಲ್ಪನೆ ಹುಟ್ಟಿತು; 1895ರಲ್ಲಿ ಅದು ಭೂಮಿಯ ಮೇಲೂ ದೊರಕಿತು.

ಮೋಡವು ಬಿರಿದುದು ಹರ್ಷೆಲನ ಸಾಮರ್ಥ್ಯದಿಂದಲ್ಲ. ಆದರೆ ಬಿರಿದಾಗ ಅವನು ಅಲ್ಲಿರಲಿಲ್ಲವಾದರೆ ಅದು ಬಿರಿದೂ ವ್ಯರ್ಥ. ನಾಳೆಯು ಗೊತ್ತಿಲ್ಲವೆಂಬುದು ಕೈಕಟ್ಟಿ ಕೂಡಲು ಕಾರಣವಲ್ಲ. ಇಂದು ಎಚ್ಚತ್ತಿರಲು ಕಾರಣ.

ನೋಡುವ ವೇಳೆ

ಲೋಕದಲ್ಲಿ ಅದ್ಭುತಗಳಿಗೆ ಕೊರತೆಯಿಲ್ಲ. ನೋಡಲು ವೇಳೆಯಿಲ್ಲವೆಂಬ ಮಾತಿಗೂ ಕೊರತೆಯಿಲ್ಲ. ‘ಕಬ್ಬು ಕಾರಖಾನೆಗೆ ಹೋಗಲಿ, ಮಗಳ ಮದುವೆಯಾಗಲಿ, ಆಮೇಲೆ ನೋಡೋಣ’ ಎನ್ನುತ್ತ ಎಷ್ಟೋ ಜನರ ಆಯುಷ್ಯ ಸಂದುಹೋಗುತ್ತದೆ. ಬರುವುದನ್ನು ಬಲ್ಲವರಿಲ್ಲವಾದ ಮೇಲೆ ‘ಆಮೇಲೆ’ ಎಂಬುದಕ್ಕೆ ಹೊಣೆಯಾರು?

ವೀರಶೈವನಿಗೆ ನೋಡುವ ಅಭ್ಯಾಸವು ಹೊಸದಲ್ಲ. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸಿ ದಿನವೂ ಕೆಲವು ಹೊತ್ತು ಕೂಡುವುದೇ ಅವನ ಪೂಜೆ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು ಈ ಶಿವಯೋಗದಿಂದಲೇ ನಾಡಿಗೆ ಪೂಜ್ಯರಾದರು. ಅಂಗೈಯಲ್ಲಿ ನಿಂತ ಆ ದೃಷ್ಟಿಯು ಅಂಗಳಕ್ಕೆ ಬಂದೊಡನೆ ಕುರುಡಾಗಬಾರದು. ಅಕ್ಕಮಹಾದೇವಿಯು ತನ್ನ ವಚನಗಳಲ್ಲಿ ಹಕ್ಕಿಗಳನ್ನೂ ದುಂಬಿಗಳನ್ನೂ ಕರೆದು ಮಾತನಾಡಿಸಿದುದು ಬರಿಯ ಅಲಂಕಾರವಲ್ಲ. ಪೂಜೆಯ ಕಣ್ಣು ಬಯಲಿಗೆ ತೆರೆದ ಬಗೆ ಅದು. ಯಡೂರಿನ ವೀರಭದ್ರನ ದರ್ಶನಕ್ಕೆ ಹೋದವರು ಹೊಳೆಯ ದಂಡೆಯಲ್ಲಿ ಅರೆಗಳಿಗೆ ನಿಂತು ನೀರನ್ನು ನೋಡಿದರೆ, ಅದೂ ದರ್ಶನದ ಭಾಗವೇ.

ಪೂರವು ಇಳಿದ ಮೇಲೆ ಕೃಷ್ಣೆಯು ಕೆಲವು ಕಾಲ ಕೆಮ್ಮಣ್ಣಿನ ಬಣ್ಣದಲ್ಲಿಯೇ ಹರಿಯುತ್ತಾಳೆ. ಚಳಿಗಾಲ ಬರುವ ಹೊತ್ತಿಗೆ ನೀರು ತಿಳಿಯಾಗುತ್ತದೆ. ಊರು ಹೊಕ್ಕು ಗೋಡೆ ಕೆಡವಿದ ಹೊಳೆಯೂ ಅದೇ, ಮುಂಜಾವಿನಲ್ಲಿ ಆಕಾಶವನ್ನು ಹೊತ್ತು ನಿಲ್ಲುವ ಹೊಳೆಯೂ ಅದೇ. ಮೊದಲನೆಯದನ್ನು ಮರೆಯದೆ ಎರಡನೆಯದನ್ನು ನೋಡಬಲ್ಲ ಮನಸ್ಸಿಗೆ ಪ್ರಸಾದಿಯ ಮನಸ್ಸು ಎಂದು ಹೆಸರು.

ಅಭ್ಯಾಸ

1. ದಿನಕ್ಕೊಮ್ಮೆ, ಪೂಜೆಯ ತರುವಾಯ, ಆಕಾಶವನ್ನಾಗಲಿ ಗಿಡವನ್ನಾಗಲಿ ನೀರನ್ನಾಗಲಿ ಮಾತಿಲ್ಲದೆ ಕೆಲವು ಹೊತ್ತು ನೋಡಬೇಕು. (ಗ್ರಹಣದ ಸೂರ್ಯನನ್ನು ಬರಿಗಣ್ಣಿನಿಂದ ನೋಡಲಾಗದು, ಏರಿದ ಹೊಳೆಯನ್ನು ದೂರದಿಂದಲೇ ನೋಡಬೇಕು.)

2. ಎಣಿಸಿದಂತೆ ಆಗದಿದ್ದ ಒಂದು ಸಂಗತಿಯನ್ನು ರಾತ್ರಿ ನೆನೆದು, ಅದರಲ್ಲಿ ತನ್ನ ಕೈಯಲ್ಲಿದ್ದುದೆಷ್ಟು, ಇಲ್ಲದುದೆಷ್ಟು ಎಂದು ವಿಚಾರಿಸಬೇಕು.

3. ನೆರೆಯವರಿಗೆ ಬಂದ ಆಪತ್ತಿನಲ್ಲಿ ಮಾತಿಗಿಂತ ಮೊದಲು ಕೈಯನ್ನು ನೀಡಬೇಕು.